ಗುನ್ವೋರ್ ಲಿಲ್ಯಾಳ ಮೊದಲ ಹಾಡು

ಆ ಶುಕ್ರವಾರ ಬೆಳಿಗ್ಗೆ ದೀಸಾ ರೊನ್ ಹಾಲು ತರಲು ಹೊರಡದೆ ಇದ್ದಿದ್ದರೆ, ಅಥವಾ ಎಲ್ಲರ ಹಾಗೆ ಇನ್ನೆರಡು ನಿಮಿಷ ಬಾಗಿಲ ಹಿಂದೆ ಕಾದಿದ್ದರೆ, ಅವಳ ಬಾಳಿನ ಮೊದಲ ಒಂಟಿ ಹಾಡು ಅವಳದಾಗಿಯೇ ಉಳಿಯುತ್ತಿತ್ತು.

ಕಾಯುವುದು ಆ ಕಟ್ಟಡದ ಮರ್ಯಾದೆ. ಉತ್ತರದ ಚಳಿಯೂರು ಸುಂಡ್ಸ್ವಾಲಿನ ಆ ನಾಲ್ಕಂತಸ್ತಿನ ಹಳದಿ ಕಟ್ಟಡದಲ್ಲಿ ಯಾರೂ ಮೆಟ್ಟಿಲ ಮೇಲೆ ಯಾರಿಗೂ ಎದುರಾಗುತ್ತಿರಲಿಲ್ಲ. ಹೊರಡುವ ಮೊದಲು ಬಾಗಿಲ ಗಾಜಿನ ಕಿಂಡಿಗೆ ಕಣ್ಣಿಡಬೇಕು. ಹೆಜ್ಜೆ ಸಪ್ಪಳವಿದ್ದರೆ ಉಸಿರು ಬಿಗಿಹಿಡಿಯಬೇಕು. ಕೆಳಗಿನ ಹೆಬ್ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಇಳಿದುಹೋಗಬೇಕು. ಹನ್ನೆರಡು ಮನೆಗಳಲ್ಲಿ ಒಬ್ಬರು ಹೊರಟರೆಂದರೆ ಉಳಿದ ಹನ್ನೊಂದು ಕಿಂಡಿಗಳ ಹಿಂದೆ ಹನ್ನೊಂದು ಕಣ್ಣುಗಳು ಸರದಿ ಕಾಯುತ್ತಿರುತ್ತಿದ್ದವು.

ದೀಸಾಳಿಗೆ ಕಾಯಲು ಇನ್ನೊಂದು ಕಾರಣವೂ ಇತ್ತು. ಅವಳಿದ್ದ ಹನ್ನೊಂದನೇ ನಂಬರಿನ ಮನೆಯ ಒಡತಿ ಗುನ್ವೋರ್ ಲಿಲ್ಯಾ ತೀರಿಕೊಂಡು ಎರಡು ವರ್ಷ ದಾಟಿತ್ತು. ಅವಳ ಅಕ್ಕನ ಮಗ ಕಟ್ಟಡದ ಸಂಘಕ್ಕೆ ಹೇಳದೆ ಗುಟ್ಟಾಗಿ ಮನೆಯನ್ನು ದೀಸಾಳಿಗೆ ಬಾಡಿಗೆಗೆ ಕೊಟ್ಟಿದ್ದ. "ಬಾಗಿಲ ಮೇಲಿನ ಹೆಸರು ಹಾಗೇ ಇರ್ಲಿ. ಯಾರಾದ್ರೂ ಕೇಳಿದ್ರೆ ಗಿಡಕ್ಕೆ ನೀರು ಹಾಕೋಕೆ ಬಂದಿದ್ದೀನಿ ಅನ್ನು. ಸಂಘಕ್ಕೆ ಗೊತ್ತಾದ್ರೆ ಅವತ್ತೇ ಗಂಟುಮೂಟೆ ಕಟ್ಟಬೇಕು, ನೆನಪಿರ್ಲಿ" ಎಂದಿದ್ದ. ಎರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಗಿಡವೂ ಇರಲಿಲ್ಲ.

ಆದರೆ ಇಂದು ಅವಳ ಕಾಲು ನೆಲದ ಮೇಲಿರಲಿಲ್ಲ. ಸಂಜೆ ನಾಲ್ಕಕ್ಕೆ ಅವಳ ಹಾಡು ರೇಡಿಯೋದಲ್ಲಿ ಮೊದಲ ಬಾರಿ ಬರುವುದಿತ್ತು. ಹದಿನೆಂಟು ವರ್ಷ ಅವಳು ತನ್ನ ದೊಡ್ಡಪ್ಪನ ಇಬ್ಬರು ಮಕ್ಕಳ ಜೊತೆ ಸೇರಿ, ವಾರದ ಕೊನೆಗೆ ಊರೂರಿನ ನೃತ್ಯಶಾಲೆಗಳಲ್ಲಿ ಹಾಡಿದ್ದಳು. ಮೂವರಿಗೂ ಒಂದೇ ಬಣ್ಣದ ಅಂಗಿ, ಒಂದೇ ಬಗೆಯ ನಗು. ಹಸ್ತಾಕ್ಷರ ಕೇಳಲು ಬಂದವರು "ನೀವು ಎಡಗಡೆಯವರಲ್ವಾ?" ಎನ್ನುತ್ತಿದ್ದರು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಮೊದಲ ಬಾರಿಗೆ, ಬಲಗಡೆ ಯಾರೂ ಇಲ್ಲದೆ ಅವಳೊಬ್ಬಳೇ ಹಾಡಿದ ಹಾಡು. ಮಾತು ಅವಳದು, ಧಾಟಿ ಅವಳದು. ಹೆಸರು 'ಬಾಗಿಲಾಚೆ'.

ಗುಟ್ಟು ಕಾಯುವುದರಲ್ಲಿ ಅವಳು ಬಹಳ ಜಾಗ್ರತೆ. ಹಾಡನ್ನು ಕಟ್ಟಿದ್ದು ಬಚ್ಚಲುಮನೆಯಲ್ಲಿ, ಬಾಗಿಲ ಸಂದಿಗೆ ಟವೆಲು ತುರುಕಿ. ಒಮ್ಮೆ ಮೆಟ್ಟಿಲ ಮೇಲೆ ಫೋನನ್ನು ಇಟ್ಟು, ಒಳಗೆ ಬಂದು ಹಾಡಿ, ಧ್ವನಿ ದಾಖಲಾಗಿದೆಯೇ ಎಂದು ಪರೀಕ್ಷಿಸಿಯೂ ಇದ್ದಳು. ಫೋನಿನಲ್ಲಿ ಸಿಕ್ಕಿದ್ದು ಹನ್ನೆರಡು ನಿಮಿಷದ ನಿಶ್ಶಬ್ದ.

ಆದ್ದರಿಂದ ಹಾಲಿನ ಚೀಲ ಹಿಡಿದು ಬಾಗಿಲ ಬಳಿ ಬಂದವಳಿಗೆ ಮೆಟ್ಟಿಲ ಮೇಲಿನ ಶಿಳ್ಳೆ ಕೇಳಿದಾಗ ಎದೆ ಧಸಕ್ಕೆಂದಿತು. ಯಾರೋ ನಿಧಾನವಾಗಿ ಹತ್ತಿ ಬರುತ್ತಿದ್ದರು. ಶಿಳ್ಳೆ ಹಾಕುತ್ತಿದ್ದುದು 'ಬಾಗಿಲಾಚೆ'ಯ ಪಲ್ಲವಿ.

ಕಿಂಡಿಯೊಳಗಿಂದ ಕಂಡವನು ಟುರೆ ಬ್ಯೋರ್ಕ್. ಸಂಘದ ಅಧ್ಯಕ್ಷ, ಎಪ್ಪತ್ತರ ಮೇಲಿನವನು, ಒಣಗಿಸಿದ ಮೀನಿನಂತೆ ನೇರ, ಗಟ್ಟಿ. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ನಿಯಮಗಳ ಚೀಟಿ ಅಂಟಿಸುವುದು ಅವನ ಕಸುಬು. ದೀಸಾ ಎಲ್ಲ ಮರ್ಯಾದೆಯನ್ನೂ ಮರೆತು ಬಾಗಿಲು ತೆರೆದಳು.

"ಆ ಹಾಡು... ಆ ಹಾಡು ನಿಮಗೆಲ್ಲಿ ಸಿಕ್ತು?"

ಟುರೆಯ ಕೈಯಲ್ಲಿದ್ದ ಪತ್ರಿಕೆ ಕೆಳಗೆ ಬಿತ್ತು. ಅವನು ಕಂಬಿ ಹಿಡಿದು, ಬಾಗಿಲ ಮೇಲಿನ 'ಜಿ. ಲಿಲ್ಯಾ' ಎಂಬ ಹೆಸರನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ. "ನೀ... ನೀವು ಆ ಬಾಗಿಲಿಂದ ಬಂದ್ರಾ?"

"ಗಿಡಕ್ಕೆ ನೀರು ಹಾಕೋಕೆ ಬಂದಿದ್ದೆ."

"ಹಾಗೆ ಹೇಳಿ ತಾಯಿ! ನನ್ನ ಜೀವ ಬಾಯಿಗೆ ಬಂದಿತ್ತು. ಗುನ್ವೋರ್ ಕಡೆಯವರು ಅನ್ನಿ."

"ದೂರದ ಸಂಬಂಧ. ಆ ಹಾಡು..."

"ಇದು ಗುನ್ವೋರ್ ಹಾಡಲ್ವಾ! ಈ ಕಟ್ಟಡದಲ್ಲಿ ಹನ್ನೆರಡು ಮನೇಗೂ ಗೊತ್ತು. ನಿಮಗೇ ಗೊತ್ತಿಲ್ಲ ಅಂದ್ರೆ!"

ಎದುರುಮನೆಯ ಬಾಗಿಲು ಸರಪಳಿಯಷ್ಟು ತೆರೆಯಿತು. ಸಂದಿಯಲ್ಲಿ ಒಂದು ಕಣ್ಣು, ಅರ್ಧ ಮೂಗು. "ಟುರೆ, ಮೆಟ್ಟಿಲ ಮೇಲೆ ಮಾತು ಕೇಳಿಸ್ತಿದೆಯಲ್ಲ? ಬೆಂಕಿ ಬಿತ್ತಾ?"

"ಬೆಂಕಿ ಇಲ್ಲ ಮಾಯ್‌ಬ್ರಿಟ್. ಗುನ್ವೋರ್ ಸಂಬಂಧಿಕರು. ಪಾಪ, ಹಾಡಿನ ವಿಷಯ ಗೊತ್ತೇ ಇಲ್ವಂತೆ."

ಸರಪಳಿ ಜಾರಿತು. ಇಪ್ಪತ್ತು ವರ್ಷದಲ್ಲಿ ಆ ಬಾಗಿಲು ಅಷ್ಟು ಅಗಲ ತೆರೆದಿದ್ದು ಹೊಸ ಫ್ರಿಜ್ ಒಳಗೆ ಹೋದಾಗ ಮಾತ್ರ. ಮಾಯ್‌ಬ್ರಿಟ್ ದೀಸಾಳ ಮೊಣಕೈ ಹಿಡಿದು ಒಳಗೆ ಎಳೆದುಕೊಂಡಳು. ಕಾಫಿ ಕೊಡಲಿಲ್ಲ, ಕೂರಿಸಲಿಲ್ಲ, ನೇರ ಬಚ್ಚಲುಮನೆಗೆ ಕರೆದೊಯ್ದಳು. ಟುರೆಯೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

"ನೋಡಮ್ಮ, ಅಲ್ಲಿ" ಎಂದು ಮಾಯ್‌ಬ್ರಿಟ್ ಮೇಲೆ ಕೈ ತೋರಿಸಿದಳು.

ಛಾವಣಿಯ ಹತ್ತಿರ ಅಂಗೈಯಗಲದ ಒಂದು ಗಾಳಿಗಿಂಡಿ. ಒಳಗೆ ಕತ್ತಲೆ. ಅದರ ಜಾಲರಿಯಿಂದ ತಣ್ಣನೆಯ ಗಾಳಿ ಬಂದು ದೀಸಾಳ ಕುತ್ತಿಗೆಯನ್ನು ಮುಟ್ಟಿ ಹೋಯಿತು.

"ಅಲ್ಲಿಂದ ಬರುತ್ತೆ. ಬಾಯಿ ಮುಚ್ಕೊಂಡು ಹಾಡಿದ ಹಾಗೆ, ಹ್ಞುಂಹ್ಞುಂ ಅಂತ. ಒಂದೊಂದು ಸಲ ಮಾತೂ ಕೇಳಿಸುತ್ತೆ. 'ನೀನಿರುವೆ ಎಂದು ಬಲ್ಲೆ, ಬಾಗಿಲ ತಟ್ಟಲಾರೆ' ಅಂತ. ನನ್ನ ಮೈಮೇಲಿನ ಕೂದಲು ನೆಟ್ಟಗಾಗುತ್ತೆ ಮಾರಾಯ್ತಿ, ನೋಡು, ಈಗ್ಲೂ!"

ಅದು ಅವಳ ಪಲ್ಲವಿಯ ಮೊದಲ ಸಾಲು. "ಗುನ್ವೋರ್... ಬದುಕಿದ್ದಾಗ ಹಾಡ್ತಿದ್ರಾ?"

"ಬದುಕಿದ್ದಾಗಲೇ? ಛೆ ಛೆ! ಚಿನ್ನದಂಥ ಹೆಂಗಸು. ಮೂವತ್ತೊಂದು ವರ್ಷ ಎದುರುಬದುರು ಇದ್ವಿ, ಒಂದೇ ಒಂದು ಮಾತಾಡಿದವಳಲ್ಲ. ಬೀದೀಲಿ ಎದುರಿಗೆ ಸಿಕ್ಕರೆ ತಲೆ ಆಡಿಸೋದು, ಹೋಗೋದು. ನೆರೆಯವರು ಅಂದ್ರೆ ಹಾಗಿರ್ಬೇಕು. ಸತ್ತ ಮೇಲೆ ಶುರು ಮಾಡಿದ್ದು ಇದನ್ನ."

"ಅಷ್ಟು ವರ್ಷ ಕೂಡಿಟ್ಟಿದ್ದು ಎಲ್ಲಾದ್ರೂ ಹೊರಗೆ ಬರಬೇಕಲ್ಲ" ಎಂದ ಟುರೆ, ಒಡೆದ ಪೈಪಿನ ವಿಷಯ ಹೇಳುವವನಂತೆ.

"ಮತ್ತೆ ಒಂದು ವಿಚಿತ್ರ ಕೇಳು" ಎಂದು ಮಾಯ್‌ಬ್ರಿಟ್ ಧ್ವನಿ ತಗ್ಗಿಸಿದಳು. "ಯಾವಾಗ್ಲೂ ಒಂದೇ ಜಾಗದಲ್ಲಿ ನಿಲ್ಲಿಸಿಬಿಡ್ತಾಳೆ. ಎರಡನೇ ಚರಣದ ನಡುವೆ. ನಿಲ್ಲಿಸಿ, ನಿಟ್ಟುಸಿರು ಬಿಟ್ಟು, ಮತ್ತೆ ಮೊದಲಿಂದ. ಒಂದು ವರ್ಷ ಹಾಗೇ. ಹೋದ ವಸಂತದಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ ಪೂರ್ತಿ ಹಾಡಿದಳು. ನಾನು ಸ್ನಾನದ ತೊಟ್ಟಿಯಲ್ಲಿ ಕೂತು ಅತ್ತುಬಿಟ್ಟೆ."

ದೀಸಾ ಬೇಸಿನ್ನಿನ ಅಂಚು ಹಿಡಿದುಕೊಂಡಳು. ಎರಡನೇ ಚರಣದ ನಡುವೆ ಅವಳೂ ಒಂದು ವರ್ಷ ಸಿಕ್ಕಿಹಾಕಿಕೊಂಡಿದ್ದಳು. ಹೋದ ವಸಂತದಲ್ಲೇ, ಹಲ್ಲುಜ್ಜುತ್ತಿದ್ದಾಗ, ಉಳಿದದ್ದು ಒಮ್ಮೆಗೇ ಹೊಳೆದಿತ್ತು. ಯಾರೋ ಕಿವಿಯಲ್ಲಿ ಹೇಳಿದ ಹಾಗೆ ಬಂತು ಎಂದು ಸ್ಟುಡಿಯೋದಲ್ಲಿ ಎಲ್ಲರ ಮುಂದೆ ಜಂಬದಿಂದ ಹೇಳಿಕೊಂಡಿದ್ದಳು ಕೂಡ. ಯಾರೋ ಕಿವಿಯಲ್ಲಿ ಹೇಳಿದ ಹಾಗೆ. ಈಗ ಆ ಮಾತು ತಣ್ಣನೆಯ ಹುಳುವಾಗಿ ಬೆನ್ನುಹುರಿಯ ಮೇಲೆ ಹರಿದಾಡಿತು.

ಮನೆಗೆ ಮರಳಿ, ಬಚ್ಚಲುಮನೆಯ ಬಾಗಿಲನ್ನು ಹೊರಗಿನಿಂದ ಮುಚ್ಚಿ, ಅದಕ್ಕೆ ಕುರ್ಚಿ ಒತ್ತಿಟ್ಟು ಕುಳಿತಳು. ಗಂಟೆ ಹನ್ನೊಂದಾಗಿತ್ತು. ಹೊರಗೆ ಸಮುದ್ರದ ಮಂಜು ಬೀದಿಯನ್ನು ನುಂಗುತ್ತಿತ್ತು. ಬಾಗಿಲಿನ ಆಚೆ ಗಾಳಿಕೊಳವೆ ಉಸಿರಾಡುತ್ತಿತ್ತು. ಮೊದಲೂ ಹಾಗೇ ಉಸಿರಾಡುತ್ತಿದ್ದಿರಬೇಕು. ಆಗ ಅದಕ್ಕೆ ಹೆಸರಿರಲಿಲ್ಲ.

ಕದ್ದಿದ್ದೇನೆ, ಎಂದುಕೊಂಡಳು ದೀಸಾ. ಅದೂ ಸತ್ತವಳಿಂದ. ಹನ್ನೆರಡು ಮನೆಯ ಸಾಕ್ಷಿಗಳ ಎದುರು. ಸಂಜೆ ನಾಲ್ಕಕ್ಕೆ ರೇಡಿಯೋ ಹಾಕಿದ ಕೂಡಲೇ ಇವರೆಲ್ಲ ಪತ್ರಿಕೆಗೆ ಫೋನು ಮಾಡುತ್ತಾರೆ. ಮೊದಲ ಹಾಡೇ ಕಳ್ಳಹಾಡು ಎನ್ನಿಸಿಕೊಂಡವಳಿಗೆ ಎರಡನೆಯದು ಯಾರು ಕೊಡುತ್ತಾರೆ? ಮನುಷ್ಯರ ಕೋಪವಾದರೂ ಸರಿ. ರಾತ್ರಿ ಹಲ್ಲುಜ್ಜಲು ಹೋದಾಗ ಮೇಲಿನಿಂದ "ನನ್ನ ಹಾಡೆಲ್ಲಿ?" ಎಂದರೆ?

ಹೆಸರುಗಳ ಪಟ್ಟಿ ರೇಡಿಯೋದವರಿಗೆ ಹೋಗುವುದು ಹನ್ನೆರಡಕ್ಕೆ. ಆಮೇಲೆ ರಾಜನೇ ಬಂದು ಕೇಳಿದರೂ ಬದಲಿಸಲಾಗದು ಎಂದು ಸ್ಟಾಕ್‌ಹೋಮಿನಲ್ಲಿ ಹಾಡಿನ ಕಂಪನಿ ನಡೆಸುವ ಯೊರ್ಗೆನ್ ಮೊದಲೇ ಹೇಳಿದ್ದ. ಹನ್ನೊಂದೂ ನಲವತ್ತಕ್ಕೆ ದೀಸಾ ಅವನಿಗೆ ಫೋನು ಮಾಡಿದಳು.

"ಹಾಡು ಬರೆದವರ ಹೆಸರು ಬದಲಿಸಬೇಕು ಯೊರ್ಗೆನ್. ಅದು ನನ್ನದಲ್ಲ. ಗುನ್ವೋರ್ ಲಿಲ್ಯಾ ಅಂತ ಬರೀ."

"ಯಾರೇ ಅದು? ಅವಳ ಸಹಿ ಬೇಕಲ್ಲ!"

"ಅವಳು ಸತ್ತು ಎರಡು ವರ್ಷ ಆಯ್ತು."

"ಹಾಡು ಯಾವಾಗ ಕಟ್ಟಿದ್ದು?"

"ಅದಾದ ಮೇಲೆ."

ಮೂವತ್ತೊಂದು ವರ್ಷದ ಮೌನ, ಗಾಳಿಕೊಳವೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಬೈಯುತ್ತಾನೆ ಎಂದು ದೀಸಾ ಕಣ್ಣು ಮುಚ್ಚಿಕೊಂಡಳು. ಬದಲಿಗೆ, ಮೀನು ಕಂಡ ಕಡಲಹಕ್ಕಿಯಂಥ ಕೂಗು ಕೇಳಿಸಿತು. "ದೀಸಾ! ಇದನ್ನ ಇಷ್ಟು ದಿನ ಯಾಕೆ ಮುಚ್ಚಿಟ್ಟಿದ್ದೆ? ನಾಳೆ ಸತ್ತವರ ಹಬ್ಬ! ಊರಿಗೆ ಊರೇ ಸ್ಮಶಾನದಲ್ಲಿ ದೀಪ ಹಚ್ಚೋ ದಿನ! ಇರು, ಇರು, ಮುಖಪುಟಾನೇ ಬದಲಿಸ್ತೀನಿ. ಮೇಲೆ ದೊಡ್ಡದಾಗಿ 'ಗುನ್ವೋರ್ ಲಿಲ್ಯಾ'. ಕೆಳಗೆ 'ಜೊತೆಗೆ ದೀಸಾ ರೊನ್'."

"ಜೊತೆಗೆ?"

"ಇಷ್ಟು ದಿನ ಮೂವರಲ್ಲಿ ಒಬ್ಬಳಾಗಿದ್ದೆ, ಈಗ ಇಬ್ಬರಲ್ಲಿ ಒಬ್ಬಳು. ಏಳಿಗೆ ಅಲ್ವೇನೇ!" ಎಂದು ಫೋನಿಟ್ಟುಬಿಟ್ಟ.

ಮೂರು ಗಂಟೆಗೆ ಯಾರೋ ಬಾಗಿಲು ತಟ್ಟಿದರು. ಎರಡು ವರ್ಷದಲ್ಲಿ ಮೊದಲ ತಟ್ಟು. ದೀಸಾ ಕುರ್ಚಿಯಿಂದ ಅರ್ಧ ಗೇಣು ಮೇಲೆ ಹಾರಿದಳು. ಹೊರಗೆ ಕಪ್ಪು ಕೋಟು ತೊಟ್ಟ ಮಾಯ್‌ಬ್ರಿಟ್, ಟುರೆ, ಅವರ ಹಿಂದೆ ದೀಸಾ ಕಿಂಡಿಯಲ್ಲಿ ಬೆನ್ನು ಮಾತ್ರ ನೋಡಿದ್ದ ನಾಲ್ಕೈದು ಮಂದಿ.

"ಇನ್ನೂ ನೀರು ಹಾಕ್ತಾನೇ ಇದ್ದೀಯಾ? ಕಾಡು ಬೆಳೆಸಿದ್ದಾಳೇನೋ ಗುನ್ವೋರ್!" ಎಂದಳು ಮಾಯ್‌ಬ್ರಿಟ್. "ಹೊರಡು ಹೊರಡು. ಹಬ್ಬದ ಜನ ಸೇರೋ ಮೊದಲೇ ಅವಳ ಸಮಾಧಿಗೆ ದೀಪ ಇಟ್ಟು ಬರೋಣ ಅಂತ. ಕೈ ಮುಗಿದು ಕೇಳಿಕೊಂಡ್ರೆ ಹಾಡು ನಿಲ್ಲಿಸ್ತಾಳೇನೋ. ಸಂಬಂಧಿಕಳು ನೀನಿಲ್ಲದೆ ಹೇಗೆ?"

ಒಲ್ಲೆ ಎನ್ನಲು ಕಾರಣವಿರಲಿಲ್ಲ. ದಾರಿಯಲ್ಲಿ ದೀಸಾ ತಡೆಯಲಾರದೆ ಹೇಳಿಬಿಟ್ಟಳು: ಗುನ್ವೋರಳ ಹಾಡು ನಾಲ್ಕಕ್ಕೆ ರೇಡಿಯೋದಲ್ಲಿ ಬರಲಿದೆ. ಟುರೆ ತಕ್ಷಣ ವಾಪಸು ಹೋಗಿ, ಕರೆಂಟು ಹೋದಾಗಿನ ಬಳಕೆಗೆಂದು ಎತ್ತಿಟ್ಟಿದ್ದ ಬ್ಯಾಟರಿ ರೇಡಿಯೋ ತಂದ.

ಚಳಿಗಾಲ ಸಮೀಪಿಸಿದರೆ ಆ ಊರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ; ಸ್ಮಶಾನಕ್ಕೆ ಹೋಗುವ ಹೊತ್ತಿಗೆ ಕತ್ತಲಿಳಿಯುತ್ತಿತ್ತು. ಮಂಜಿನೊಳಗೆ ಅಲ್ಲಲ್ಲಿ ದೀಪಗಳು ಮಿನುಗುತ್ತಿದ್ದವು, ಮಲಗಿದವರು ಒಂದೊಂದೇ ಕಣ್ಣು ತೆರೆದು ನೋಡುತ್ತಿರುವ ಹಾಗೆ. ಗುನ್ವೋರಳ ಕಲ್ಲು ಚಿಕ್ಕದು. ಹೆಸರು, ಎರಡು ಇಸವಿ, ಅಷ್ಟೇ. ಅಲ್ಲಿಯೂ ಅವಳು ಹೆಚ್ಚಿಗೆ ಮಾತಾಡಿರಲಿಲ್ಲ. ಟುರೆ ರೇಡಿಯೋವನ್ನು ಕಲ್ಲಿನ ತಲೆಯ ಮೇಲಿಟ್ಟ. ಮಾಯ್‌ಬ್ರಿಟ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ದಾಲ್ಚಿನ್ನಿ ಬನ್ನು ಹಂಚಿದಳು. ಮೆಟ್ಟಿಲ ಮೇಲೆ ಒಬ್ಬರ ಮುಖ ಒಬ್ಬರು ನೋಡದವರು ಸಮಾಧಿಯ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತರು.

ನಾಲ್ಕು ಹೊಡೆಯಿತು. ರೇಡಿಯೋದ ಹೆಂಗಸು ಗುಟ್ಟು ಹೇಳುವ ಧ್ವನಿಯಲ್ಲಿ ಶುರುಮಾಡಿದಳು: ಬದುಕಿನುದ್ದಕ್ಕೂ ಮೌನವಾಗಿದ್ದ ಒಬ್ಬಾಕೆ, ಗಾಳಿಕೊಳವೆ, ಸಾವಿನಾಚೆಯಿಂದ ಬಂದ ಹಾಡು. ಗುನ್ವೋರ್ ಲಿಲ್ಯಾಳ ಹೆಸರನ್ನು ಏಳು ಸಲ ಹೇಳಿದಳು. ದೀಸಾ ಎಣಿಸಿದಳು. ತನ್ನ ಹೆಸರನ್ನು ಎಣಿಸುವ ಕಷ್ಟ ಬರಲಿಲ್ಲ.

ಆಮೇಲೆ ಹಾಡು ಬಂತು. 'ನೀನಿರುವೆ ಎಂದು ಬಲ್ಲೆ, ಬಾಗಿಲ ತಟ್ಟಲಾರೆ...' ಕತ್ತಲಲ್ಲಿ, ಕಲ್ಲಿನ ಮೇಲಿನಿಂದ, ತನ್ನದೇ ಧ್ವನಿ. ದೀಸಾಳ ಮೈ ಜುಮ್ಮೆಂದಿತು. ಸುತ್ತಲಿನ ಸಮಾಧಿಗಳ ಬಳಿ ಬಾಗಿದ್ದವರು ನಿಧಾನವಾಗಿ ನೆಟ್ಟಗಾದರು. ಮಾಯ್‌ಬ್ರಿಟ್ ಬಿಕ್ಕುತ್ತ, "ಅವಳೇ! ಅದೇ ನಿಟ್ಟುಸಿರು!" ಎಂದಳು. ಟುರೆ ಟೋಪಿ ತೆಗೆದ.

"ನನ್ನ ತಂಗಿಯ ತಲೆ ಮೇಲೆ ಅದೇನು ಗಲಾಟೆ?"

ಮಂಜಿನೊಳಗಿಂದ, ನಡೆಯಲು ಆಸರೆಯಾದ ಗಾಲಿಯ ಕೈಗಾಡಿ ತಳ್ಳಿಕೊಂಡು ಒಬ್ಬ ಹಣ್ಣುಮುದುಕಿ ಬಂದಳು. ಗುನ್ವೋರಳ ಅಕ್ಕ ಸಿಗ್ನೆ. ಮನೆ ಬಾಡಿಗೆಗೆ ಕೊಟ್ಟವನ ತಾಯಿ. ಗಾಡಿಯ ಬುಟ್ಟಿಯಲ್ಲಿ ಒಂದು ದೀಪ.

"ಗುನ್ವೋರ್ ಹಾಡು ಅಮ್ಮಾ" ಎಂದ ಟುರೆ ವಿನಯದಿಂದ. "ಅವರು ಹಾಡ್ತಿದ್ರಲ್ಲ, ಅದು. ಅವರಿಗೂ ಕೇಳಿಸಲಿ ಅಂತ."

"ಕೇಳಿಸಲಿ ಅಂತಲಾ?" ಮುದುಕಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ನಾಲ್ಕನೇ ವಯಸ್ಸಿಗೆ ಕೆಂಪುಜ್ವರ ಬಂದು ಎರಡೂ ಕಿವಿ ಹೋದವು ಅವಳಿಗೆ. ಸಾಯೋವರೆಗೆ ಒಂದು ಹಾಡು ಕೇಳಿದವಳಲ್ಲ, ಹಾಡಿದವಳಲ್ಲ. ನಿಮಗೆ ಗೊತ್ತಿಲ್ವಾ? ಮೂವತ್ತೊಂದು ವರ್ಷ ಜೊತೇಲಿದ್ರಲ್ಲ!"

ಮಾಯ್‌ಬ್ರಿಟ್‌ಳ ಬನ್ನು ಬಾಯಿಯ ಬಳಿಯೇ ನಿಂತಿತು.

"ತುಟಿ ನೋಡಿ ಮಾತು ತಿಳ್ಕೊಳ್ತಿದ್ದಳು ಪಾಪ. ಆದ್ರೆ ನಿಮ್ಮ ಕಟ್ಟಡದಲ್ಲಿ ಯಾರಾದ್ರೂ ತುಟಿ ಬಿಚ್ಚಿದ್ರೆ ತಾನೇ!" ಎಂದು ಸಿಗ್ನೆ ದೀಪ ಇಟ್ಟು, ರೇಡಿಯೋದ ಕಿವಿ ತಿರುಚಿ ಬಾಯಿ ಮುಚ್ಚಿಸಿದಳು.

ಎಲ್ಲಿಂದಲೋ ಕಾಗೆಯೊಂದು ರೆಕ್ಕೆ ಬಡಿಯಿತು. ನಂತರ ಟುರೆ, ತನಗೂ ಬೇಡವಾದ ಪ್ರಶ್ನೆಯನ್ನು ಕೇಳುವವನಂತೆ, ಮೆಲ್ಲಗೆ ಕೇಳಿದ: "ಹಾಗಾದ್ರೆ... ಎರಡು ವರ್ಷದಿಂದ ಹಾಡ್ತಿರೋದು ಯಾರು?"

ಆಗ ದೀಸಾಳಿಗೆ ಹೊಳೆಯಿತು. ಟವೆಲು ತುರುಕಿದ ಬಾಗಿಲು. ಮೆಟ್ಟಿಲ ಮೇಲಿಟ್ಟ ಫೋನು. ಮತ್ತೆ, ತಲೆಯ ಮೇಲೆ, ಅವಳು ಒಮ್ಮೆಯೂ ಕತ್ತೆತ್ತಿ ನೋಡದ ಅಂಗೈಯಗಲದ ಕಿಂಡಿ. ಒಂದು ವರ್ಷ ಎರಡನೇ ಚರಣದಲ್ಲಿ ಸಿಕ್ಕಿಹಾಕಿಕೊಂಡು ನಿಟ್ಟುಸಿರು ಬಿಟ್ಟ ಪಿಶಾಚಿ ಬೇರಾರೂ ಅಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಮನೆ ಉಳಿಯುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಆದರೆ ಹದಿನೆಂಟು ವರ್ಷ ಎಡಗಡೆ ನಿಂತವಳಿಗೆ ಹಾಡಿನ ಆಸೆ ಸೂರಿನ ಆಸೆಗಿಂತ ಒಂದು ತೂಕ ಹೆಚ್ಚಾಯಿತು.

"ನಾನು" ಎಂದಳು. "ಹಾಡ್ತಿದ್ದದ್ದು ನಾನು. ಅಲ್ಲಿ ಗಿಡ ಇಲ್ಲ. ನಾನೇ ಇರೋದು, ದೀಸಾ ರೊನ್. ಆ ಹಾಡು ನನ್ನದು!"

ಯಾರಾದರೂ ಚಪ್ಪಾಳೆ ತಟ್ಟಬಹುದೆಂದು ಅರೆಗಳಿಗೆ ಅನ್ನಿಸಿತು.

"ಎರಡು ವರ್ಷದಿಂದ?" ಎಂದ ಟುರೆ, ಟೋಪಿಯನ್ನು ಮತ್ತೆ ತಲೆಗೇರಿಸುತ್ತ. "ಸಂಘದ ಒಪ್ಪಿಗೆ ಇಲ್ಲದೆ?"

"ಕಿಟಕೀಲಿ ದೀಪ ಹತ್ತುತ್ತಿತ್ತು, ಗಡಿಯಾರ ಕಟ್ಟಿದ, ತಾನಾಗೇ ಹತ್ತೋ ದೀಪ ಅಂದ್ಕೊಂಡಿದ್ವಿ!" ಎಂದಳು ಮಾಯ್‌ಬ್ರಿಟ್. ಕಣ್ಣೀರು ಅಲ್ಲೇ ಆರಿತ್ತು. "ಇರು, ಇರು. ಬಟ್ಟೆ ಒಗೆಯೋ ಕೋಣೆಯ ಹಲಗೆ ಮೇಲೆ, ಸರದಿ ಹಿಡಿಯೋಕೆ ಬೀಗ ಹಾಕ್ತೀವಲ್ಲ, ಅಲ್ಲಿ ಪ್ರತಿ ಬುಧವಾರ ಏಳು ಗಂಟೆಗೆ ಹನ್ನೊಂದನೇ ನಂಬರಿನ ಬೀಗ ನೇತಾಡ್ತಿತ್ತಲ್ಲ, ಅದೂ ನೀನೇನಾ?"

"ಹ್ಞೂಂ."

"ಅಯ್ಯೋ ನನ್ನ ಬುಧವಾರ! ಸತ್ತವಳು ಒಗೆದುಕೊಳ್ಳಲಿ ಪಾಪ ಅಂತ ಎರಡು ವರ್ಷ ನನ್ನ ಬುಧವಾರ ಬಿಟ್ಟುಕೊಟ್ಟೆನಲ್ಲೇ! ಭಾನುವಾರ ಬೆಳಗಿನ ಜಾವ ಎದ್ದು ಒಗೆದೆನಲ್ಲೇ!"

ಸತ್ತವಳಿಗೆ ಕ್ಷಮಿಸಿದ್ದನ್ನೆಲ್ಲ ಬದುಕಿದ್ದವಳಿಂದ ಬಡ್ಡಿಸಮೇತ ವಸೂಲು ಮಾಡುವವರಂತೆ ಅವರು ಅವಳನ್ನು ಸುತ್ತುಗಟ್ಟಿದರು. ರಾತ್ರಿ ಹತ್ತರ ಮೇಲೆ ಹಾಡಿದ್ದು, ಬೆಳಿಗ್ಗೆ ಆರಕ್ಕೆ ಗುನುಗಿದ್ದು, ಎಲ್ಲ ನೆನಪಾಯಿತು. ಸಿಗ್ನೆ ಮಾತ್ರ ಹೊರಡುತ್ತ, "ಪರವಾಗಿಲ್ವೇ, ಅಂತೂ ಮಾತಾಡೋಕೆ ಕಲಿತ್ರಲ್ಲ" ಎಂದು ಗಾಡಿ ತಳ್ಳಿಕೊಂಡು ಮಂಜಿನೊಳಗೆ ಕರಗಿದಳು.

ದೀಸಾ ಗೇಟಿನ ಬಳಿ ನಿಂತು ಯೊರ್ಗೆನ್‌ಗೆ ಫೋನು ಮಾಡಿದಳು. "ತಪ್ಪಾಯ್ತು ಯೊರ್ಗೆನ್! ಅವಳಲ್ಲ, ನಾನೇ! ಗುನ್ವೋರ್ ಹಾಡೋಕೆ ಸಾಧ್ಯಾನೇ ಇಲ್ಲ, ಅವಳು ನಾಲ್ಕನೇ ವಯಸ್ಸಿಂದ ಕಿವುಡಿ!"

"ಕಿವುಡೀನಾ?" ಅವನ ಧ್ವನಿ ನಡುಗಿತು. "ಸತ್ತವಳು, ಮೇಲೆ ಕಿವುಡಿ! ದೀಸಾ, ಇದು ಇನ್ನೂ ಒಳ್ಳೇದು! ಇಲ್ಲಿ ಫೋನುಗಳು ನಿಂತೇ ಇಲ್ಲ ಕಣೇ. ಇರು, ರೇಡಿಯೋದವರಿಗೆ ಈಗಲೇ ಹೇಳ್ತೀನಿ."

ಆರು ಗಂಟೆಗೆ ಅವಳು ಒಗೆಯುವ ಕೋಣೆಗೆ ಇಳಿದಳು, ತನ್ನ ಬೀಗ ಬಿಚ್ಚಿಕೊಳ್ಳಲು. ಟುರೆ ಆಗಲೇ ಬಂದು ಹೋಗಿದ್ದ. ಹಲಗೆಯ ನಡುವೆ ಹೊಸ ಚೀಟಿ, ನಾಲ್ಕು ಮೂಲೆಗೂ ಗುಂಡುಸೂಜಿ. ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡಬೇಕು, ಅಲ್ಲಿಯವರೆಗೆ ಬಚ್ಚಲುಮನೆಯಲ್ಲಿ ಹಾಡಕೂಡದು. ತಲೆಬರಹದಲ್ಲಿ ಎರಡು ಬೆರಳೆತ್ತರದ ಅಕ್ಷರಗಳಲ್ಲಿ 'ದೀಸಾ ರೊನ್'. ಎಡಗಡೆ ಯಾರೂ ಇಲ್ಲ, ಬಲಗಡೆ ಯಾರೂ ಇಲ್ಲ, 'ಜೊತೆಗೆ' ಎಂಬ ಮಾತಿಲ್ಲ. ಅವಳ ಹೆಸರು ಒಂಟಿಯಾಗಿ ಅಚ್ಚಾದದ್ದು ಅದೇ ಮೊದಲು. ಸ್ವಲ್ಪ ಹೊತ್ತು ನೋಡುತ್ತ ನಿಂತಳು.

ಜೇಬಿನಲ್ಲಿ ಫೋನು ನಡುಗಿತು. ಯೊರ್ಗೆನ್.

"ಕ್ರಿಸ್‌ಮಸ್ಸಿಗೆ ಇನ್ನೊಂದು ಹಾಡು ಬೇಕೇ ಬೇಕು ಅಂತಿದ್ದಾರೆ. ಗುನ್ವೋರ್‌ದು."

"ಯೊರ್ಗೆನ್, ಗುನ್ವೋರ್ ಸತ್ತಿದ್ದಾಳೆ."

"ಅದಕ್ಕೇನೀಗ? ಮೊದಲನೇದು ಬರೆದಾಗಲೂ ಸತ್ತೇ ಇದ್ದಳಲ್ಲ!"

ದೀಸಾ ಮೇಲೆ ಬಂದು, ಕುರ್ಚಿ ಸರಿಸಿ, ಬಚ್ಚಲುಮನೆಯ ದೀಪ ಹಾಕಿದಳು. ಒಂದು ಸಾಲನ್ನಾದರೂ ಗುನುಗಿ ನೋಡೋಣವೆಂದು ಬಾಯಿ ತೆರೆದಳು. ಚೀಟಿ ನೆನಪಾಗಿ ಮುಚ್ಚಿದಳು. ಮತ್ತೆ ತೆರೆದಳು. ಒಳಗೆ ಏನೂ ಇರಲಿಲ್ಲ, ತೊಳೆದಿಟ್ಟ ಪಾತ್ರೆಯಷ್ಟು ಖಾಲಿ. ಕೊನೆಗೆ ಕಾಗದ, ಪೆನ್ಸಿಲ್ ಹಿಡಿದು, ಸ್ನಾನದ ತೊಟ್ಟಿಯ ಅಂಚು ಹತ್ತಿ, ಗಾಳಿಗಿಂಡಿಯ ಜಾಲರಿಗೆ ಬಾಯಿಟ್ಟು ಮೆಲ್ಲಗೆ ಪಿಸುಗುಟ್ಟಿದಳು.

"ಗುನ್ವೋರ್... ನಿಮ್ಮ ಹತ್ರ ಇನ್ನೇನಾದ್ರೂ ಇದೆಯಾ?"

ತಣ್ಣನೆಯ ಗಾಳಿ ಬಂದು ಕಿವಿ ಸೋಕಿತು. ಬಹಳ ಹೊತ್ತು ಅಷ್ಟೇ. ಆಮೇಲೆ, ಎದುರುಮನೆಯ ಬಚ್ಚಲಿನಿಂದ, ಕಪ್ಪು ಕೊಳವೆಯ ಮೂಲಕ ಮಾಯ್‌ಬ್ರಿಟ್‌ಳ ಧ್ವನಿ ಸ್ಪಷ್ಟವಾಗಿ ತೇಲಿ ಬಂತು:

"ಪಿಸುಗುಟ್ಟೋದೂ ಕೂಡದು, ದೀಸಾ ರೊನ್. ನಾಳೆ ಅದಕ್ಕೂ ಚೀಟಿ ಅಂಟಿಸ್ತೀವಿ."